ಬೇಳೆದೊಣೆಗೆ ಆ ಹೆಸರು ಬಂದ ಬಗೆ

ಕರಿಕಲ್ಲಹಟ್ಟಿಯ ಬೆನ್ನಿಗೆ ಒಂದು ಬೋಳುಗುಡ್ಡವಿದೆ. ಮರವಿಲ್ಲ, ನೆರಳಿಲ್ಲ, ಹತ್ತುವವರಿಗೆ ತಮ್ಮ ಮೊಣಕಾಲಿನ ವಯಸ್ಸು ಚೆನ್ನಾಗಿ ತಿಳಿಯುತ್ತದೆ. ಅದರ ನೆತ್ತಿಯ ಮೇಲೆ ಬಂಡೆಯಲ್ಲೇ ಆದ ಒಂದು ಹೊಂಡ. ಇಂಥ ಕಲ್ಲುಹೊಂಡವನ್ನು ನಮ್ಮ ಸೀಮೆಯಲ್ಲಿ ದೊಣೆ ಎನ್ನುತ್ತಾರೆ. ಬಿದ್ದ ಮಳೆಯನ್ನು ಬಿಟ್ಟರೆ ಬೇರೆ ನೀರಿನ ಪರಿಚಯ ಅದಕ್ಕಿಲ್ಲ. ಊರಿಗೆ ಕೊಳವೆಬಾವಿ ಬಂತು, ಮನೆಮನೆಗೆ ನಲ್ಲಿಯೂ ಬಂತು. ಆದರೂ ಮದುವೆಯ ಅಡುಗೆಯೋ ಬಾಣಂತಿಯ ಸಾರೋ ಇದ್ದ ದಿನ ಜನ ಬಿಂದಿಗೆ, ಕ್ಯಾನು ಹಿಡಿದು ಗುಡ್ಡ ಹತ್ತುತ್ತಾರೆ. ಪರಸ್ಥಳದವರು ಇದನ್ನು ತೀರ್ಥವೆಂದು ತಿಳಿದು ತಲೆಗೆ ಚಿಮುಕಿಸಿಕೊಳ್ಳುವುದುಂಟು. ಊರವರು ಅದನ್ನು ಕಂಡು ಒಳಗೊಳಗೇ ನಗುತ್ತಾರೆ. ಅವರಿಗೆ ಅದು ಬೇಳೆ ಬೇಯುವ ನೀರು, ಅಷ್ಟೇ. ದೊಣೆಯ ಹೆಸರೂ ಬೇಳೆದೊಣೆ.

ಹಿಂದೆ ಒಮ್ಮೆ ಮಲ್ಲಪ್ಪನಾಯಕನೆಂಬ ಸಣ್ಣ ಪಾಳೆಗಾರ ಈ ಹಟ್ಟಿಯನ್ನು ಆಳುತ್ತಿದ್ದನಂತೆ. ಹೆಂಗಸರು ದಿನಾ ಗುಡ್ಡ ಹತ್ತಿ ನೀರು ಹೊರುವುದನ್ನು ನೋಡಲಾರದೆ ಆತ ಊರ ನಡುವೆ ಬಾವಿ ತೋಡಿಸಲು ಹೊರಟ. ಒಳ್ಳೆಯ ಮನಸ್ಸೇ, ಅನುಮಾನವಿಲ್ಲ. ಆದರೆ ಹಟದ ಮನುಷ್ಯ. ಅಗೆಯುವವರಿಗೆ ಮೂರಾಳು ಆಳದಲ್ಲಿ ಸುಣ್ಣಕಲ್ಲಿನ ಪದರ ಸಿಕ್ಕಿತು. ಹಿರಿಯ ಕೆಲಸಗಾರನೊಬ್ಬ ಜಾಗ ಬದಲಿಸೋಣವೆಂದರೂ ನಾಯಕ ಕೇಳಲಿಲ್ಲ. ಶಿವರಾತ್ರಿಯ ಹೊತ್ತಿಗೆ ನೀರು ಚಿಮ್ಮಿತು, ಕನ್ನಡಿಯಷ್ಟು ತಿಳಿ. ಗಂಗಮ್ಮನಿಗೆ ಎಡೆಯಾಗದೆ ಹೊಸನೀರನ್ನು ಯಾರೂ ಬಾಯಿಗೆ ಹಾಕಬಾರದೆಂಬುದು ಊರ ಕಟ್ಟಳೆ. ಹಾಗಾಗಿ ಮೂರು ತಿಂಗಳು ಆ ನೀರು ದೇವಿಯ ಹೂದೋಟಕ್ಕೆ ಮಾತ್ರ ಹರಿಯಿತು. ಬಾವಿ ಬಂದ ಮೇಲೆ ದೊಣೆ ಯಾಕೆ ಎಂದು ನಾಯಕ ಅದರ ಹೂಳೆತ್ತುವುದನ್ನೂ ನಿಲ್ಲಿಸಿಬಿಟ್ಟ.

ಎಡೆಯ ಅಡುಗೆ ತಿಪ್ಪಕ್ಕನದು. ಗಂಗಮ್ಮನ ಹಿತ್ತಾಳೆ ಸೌಟು ಅವಳ ಅತ್ತೆಯ ಅತ್ತೆಯಿಂದ ಇಳಿದು ಬಂದಿತ್ತು. ಆ ಸೌಟು ಹಿಡಿದವಳಿಗೆ ಊರಿನ ಮೊದಲ ವೀಳ್ಯ. ಅವಳಿಲ್ಲದೆ ಮದುವೆಯ ಒಲೆ ಹೊತ್ತುತ್ತಿರಲಿಲ್ಲ. ಗಂಡ ತೀರಿಕೊಂಡು ಹದಿನೈದು ವರ್ಷವಾದ ಮೇಲೂ ತಲೆಯೆತ್ತಿ ನಡೆಯಲು ಅವಳಿಗಿದ್ದ ಆಸರೆ ಅದೊಂದೇ. ಬಾವಿಯ ಪೂಜೆಯ ದಿನ ಅವಳು ಹೊಸನೀರಿನಲ್ಲಿ ತೊಗರಿಬೇಳೆ ಬೇಯಲಿಟ್ಟಳು. ಒಂದು ಹೊರೆ ಸೌದೆ ಉರಿಯಿತು, ಎರಡು ಉರಿಯಿತು, ಮೂರನೆಯದೂ ಬೂದಿಯಾಯಿತು. ಬೇಳೆ ಮಾತ್ರ ಹಾಕಿದಂತೆಯೇ ಇತ್ತು. ಎಡೆ ಬೇಯದಿದ್ದರೆ ಅಟ್ಟವಳ ಕೈಯಲ್ಲಿ ಏನೋ ದೋಷವಿದೆ ಎಂಬುದು ಆ ಊರಿನ ನಂಬಿಕೆ. ಹಸಿದು ಕೂತ ಪಂಕ್ತಿಯಲ್ಲಿ ಪಿಸುಮಾತು ಹಬ್ಬಿತು. ಮೂವತ್ತು ವರ್ಷ ಅವಳ ಕೈಯಡುಗೆ ಉಂಡವರೇ ಅವಳ ಕೈಯನ್ನು ಅನುಮಾನದಿಂದ ನೋಡಿದರು. ನಾಯಕ ಸೌಟು ಕೆಳಗಿಡಲು ಹೇಳಿದ.

"ಒಂದು ವಾರ ಕೊಡ್ರಿ ದೊರೆ," ಎಂದಳು ತಿಪ್ಪಕ್ಕ. "ಮೂವತ್ತು ವರ್ಸದಿಂದ ಇದೇ ಕೈ, ಇದೇ ಬೇಳೆ. ಬದಲಾಗಿರಾದು ಏನು ಅಂತ ನೋಡ್ತೀನಿ. ಬರೋ ಮಂಗಳವಾರ ಬೇಯದಿದ್ರೆ ಸೌಟು ನಾನೇ ತಂದು ನಿಮ್ಮ ಮುಂದಿಡ್ತೀನಿ."

ಮನೆಯಲ್ಲಿ ಕೂತು ಅಳುವ ಜಾತಿ ಅವಳಲ್ಲ. ಮರುದಿನವೇ ದೇವಿಗೆ ಎರಡು ಹೂವು ಏರಿಸೋಣವೆಂದು ತೋಟಕ್ಕೆ ಹೋದಳು. ಹೋದವಳಿಗೆ ಹೂವೇ ಸಿಗಲಿಲ್ಲ. ಕನಕಾಂಬರದ ಎಳೆಲೆಗಳ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕದ್ದೆಲ್ಲ ಹಳದಿಗೆ ತಿರುಗಿತ್ತು. ಬುಡದ ಮಣ್ಣಿನ ಮೇಲೆ ಬಿಳಿಯ ಹೊಪ್ಪಳೆ ಎದ್ದಿತ್ತು.

"ಏನ್ ಮುದ್ದೀರಣ್ಣ, ಗಿಡಕ್ಕೆ ಕಾಮಾಲೆನಾ?" ಎಂದು ತೋಟದ ಮುದ್ದೀರಪ್ಪನನ್ನು ಕೇಳಿದಳು.

"ಗೊತ್ತಾಗ್ತಿಲ್ಲ ಕಣಕ್ಕ. ಗೊಬ್ಬರ ಹಾಕ್ದೆ, ಬೂದಿ ಎರಚ್ದೆ. ಬಾವಿ ನೀರು ತಿರುವಿದಾಗ್ನಿಂದ ಹಿಂಗೇ. ದೊರೆ ಬಾವಿ, ಬಾಯಿ ಬಿಟ್ರೆ ಹೆಂಗೆ ಅಂತ ಸುಮ್ಕಿದೀನಿ."

ತಿಪ್ಪಕ್ಕನ ತಲೆಯಲ್ಲಿ ಆಗ ದೀಪ ಹತ್ತಿತು. ಒಂದು ಚೊಂಬು ಬಾವಿಯ ನೀರು ತಂದಳು. ಗುಡ್ಡ ಹತ್ತಿ, ಹೂಳಿನ ನಡುವೆ ಮೊಣಕಾಲುದ್ದ ಉಳಿದಿದ್ದ ದೊಣೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಇನ್ನೊಂದು ಚೊಂಬು ತಂದಳು. ಮನೆಯ ಮುಂದಿನ ಕರಿಯ ಚಪ್ಪಡಿಯ ಮೇಲೆ ಎರಡನ್ನೂ ಅಂಗೈಯಗಲ ಸುರಿದು ಬಿಸಿಲಿಗೆ ಬಿಟ್ಟಳು. ಆರಿದ ಮೇಲೆ ಬಾವಿಯ ನೀರು ನಿಂತಿದ್ದಲ್ಲಿ ಬಿಳಿಯ ಬಳೆಯಂಥ ಕಲೆ ಮೂಡಿತು. ದೊಣೆಯ ನೀರು ನಿಂತಿದ್ದಲ್ಲಿ ಕಲ್ಲು ಕಲ್ಲಾಗಿಯೇ ಇತ್ತು. ನೀರಿನೊಳಗೆ ಕಲ್ಲೇ ಕರಗಿ ಕೂತರೆ ಬೇಳೆ ಬೆಂದೀತು ಹೇಗೆ? ಪೂಜೆಯ ದಿನದ ನಂತರ ತಿಪ್ಪಕ್ಕ ಅಂದೇ ಮೊದಲು ಹೊಟ್ಟೆ ತುಂಬ ಉಂಡಳಂತೆ.

ಆದರೆ ದೊರೆಯ ಬಾವಿಯ ನೀರು ಗಡಸು ಎಂದು ದೊರೆಗೆ ಹೇಳುವವರು ಯಾರು? ಗಂಗಮ್ಮನನ್ನೇ ಜರಿದಳೆಂದು ಊರು ಬಿಡಿಸಿದರೂ ಬಿಡಿಸಿಯಾರು. ಬಾಯಿಯಲ್ಲಿ ಹೇಳಿದರೆ ಕೆಡುತ್ತದೆ, ಒಲೆಯೇ ಹೇಳಲಿ ಎಂದು ಅವಳು ನಿಶ್ಚಯಿಸಿದಳು. ಮಂಗಳವಾರ ಇಡೀ ಹಟ್ಟಿ ನೆರೆದಿರುವಾಗ ಎರಡು ಒಲೆ ಹೂಡಿ, ಒಂದೇ ಚೀಲದ ಬೇಳೆಯನ್ನು ಎರಡು ಗಡಿಗೆಗೆ ಸುರಿದಳು. ಒಂದಕ್ಕೆ ಬಾವಿಯ ನೀರು, ಒಂದಕ್ಕೆ ದೊಣೆಯ ನೀರು. ಆಮೇಲೆ ಗಂಗಮ್ಮನ ಸೌಟನ್ನು ಎರಡೂ ಕೈಯಲ್ಲಿ ಹಿಡಿದು ನಾಯಕನ ಮುಂದೆ ನಿಂತಳು.

"ನಿಮ್ಮ ಕೈ ಸುದ್ದ ಐತೆ ಅಲ್ವ್ರಾ ದೊರೆ?"

"ಐತೆ," ಎಂದ ನಾಯಕ. ಬೇರೇನು ತಾನೆ ಹೇಳಿಯಾನು!

"ಹಂಗಾರೆ ನಿಮ್ಮ ಬಾವಿ ನೀರಿನ ಬೇಳೆ ನೀವೇ ಬೇಯಿಸ್ರಿ. ದೋಷದ ಕೈಯಾಗೆ ದೊಣೆ ನೀರಿಂದು ನಾನು ಬೇಯಿಸ್ತೀನಿ."

ಪಾಳೆಗಾರ ಅವಳ ಕೈಯಿಂದ ಸೌಟು ತೆಗೆದುಕೊಂಡು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಜನ ನಗು ತಡೆಯಲು ಸೆರಗು, ಹೆಗಲ ವಲ್ಲಿ ಬಾಯಿಗಿಟ್ಟುಕೊಂಡರು. ಒಂದು ಹೊರೆ ಸೌದೆ ಮುಗಿಯುವಷ್ಟರಲ್ಲಿ ತಿಪ್ಪಕ್ಕನ ಗಡಿಗೆಯಲ್ಲಿ ಬೇಳೆ ಅರಳಿ ಕರಗಿ ಘಮ್ಮೆಂದಿತು. ನಾಯಕ ತಿರುವಿದ, ಊದಿದ, ಹೊಗೆಗೆ ಕಣ್ಣೊರೆಸಿಕೊಂಡ. ಎರಡನೆಯ ಹೊರೆಯೂ ಮುಗಿಯಿತು. ಒಂದು ಕಾಳು ತೆಗೆದು ಹಲ್ಲಿಗಿಟ್ಟ, ಕಟಕ್ಕೆಂದಿತು. ಆಗ ಯಾರೂ ನಗಲಿಲ್ಲ. ಸೌಟಿನ ಹಿಡಿಯ ಮೇಲೆ ಅವನ ಬೆರಳು ಬಿಗಿದದ್ದನ್ನು ತಿಪ್ಪಕ್ಕ ನೋಡಿದಳು. ಒಂದೋ ಆತ ತನ್ನ ಕೈಯಲ್ಲಿ ದೋಷವಿದೆ ಎನ್ನಬೇಕು, ಇಲ್ಲ ತನ್ನ ಬಾವಿಯ ನೀರು ಹೀಗೆ ಎನ್ನಬೇಕು, ಇಲ್ಲವೆ ಸಿಟ್ಟಿಗೆದ್ದು ಅವಳನ್ನು ಮುಗಿಸಬೇಕು. ಅದಕ್ಕೆ ಮೊದಲೇ ಅವಳು ಬಾಯಿಬಿಟ್ಟಳು.

"ನೀರು ಕೆಟ್ಟದ್ದಲ್ಲ ದೊರೆ, ಗಡಸು. ದನ ಕುಡೀಲಿ, ತೆಂಗು ಕುಡೀಲಿ. ಮೈಗೆ ಎರೆಯಾಕೆ ಕುದಿಸಿ ಆರಿಸಿ, ತಳದ ಬಿಳುಪು ಬಿಟ್ಟು ಮೇಲಿನದು ಬಗ್ಗಿಸ್ಕಂಡ್ರಾಯ್ತು. ಹಂಡೆಗೆ ಕಟ್ಟಿದ್ದನ್ನ ಹುಣಸೆಹುಳಿ ಹಾಕಿ ತಿಕ್ಕಾನ. ಬೇಳೆಗೆ, ಹೂವಿಗೆ ಮಾತ್ರ ಮಳೆನೀರು ಬೇಕು."

ನಾಯಕ ಗಡಿಗೆಯನ್ನು ಒಲೆಯಿಂದ ಇಳಿಸಿದ. ಆಮೇಲೆ ಎದ್ದು, ಎಲ್ಲರಿಗೂ ಕೇಳುವಂತೆ, "ಬೇಯಲಿಲ್ಲ. ತಪ್ಪು ಕೈಯದಲ್ಲ," ಎಂದು ಹೇಳಿ ಸೌಟನ್ನು ಅವಳ ಕೈಗಿತ್ತ. ತಿಪ್ಪಕ್ಕ ಅಂದು ಮೊದಲ ಸಲ ಎಲ್ಲರೆದುರು ಅತ್ತಳು ಎನ್ನುತ್ತಾರೆ. ಮರುದಿನ ದೊಣೆಯ ಹೂಳೆತ್ತಲು ಮೊದಲ ಬುಟ್ಟಿ ಹೊತ್ತವನು ನಾಯಕನೇ. ಅಂದಿನಿಂದ ಅದು ಬೇಳೆದೊಣೆಯಾಯಿತು.

ಈಗ ಪಾಳೆಗಾರರಿಲ್ಲ, ಬತ್ತಿದ ಬಾವಿಯಲ್ಲಿ ಪಾರಿವಾಳಗಳಿವೆ. ಆದರೆ ಮುಂಗಾರಿಗೆ ಮುಂಚಿನ ಮಂಗಳವಾರ ಹೋದವರು ಗುಡ್ಡದ ಕೆಳಗೆ ಎರಡು ಒಲೆ ಉರಿಯುವುದನ್ನು ಇಂದಿಗೂ ನೋಡಬಹುದು. ಆ ವರ್ಷ ಊರಿಗೆ ಯಾರು ಹಿರಿಯನೋ, ಅವನು ಎಷ್ಟೇ ದೊಡ್ಡವನಾಗಲಿ, ಕೊಳವೆಬಾವಿಯ ಗಡಸು ನೀರಿಟ್ಟ ಬೇಯದ ಗಡಿಗೆಯ ಮುಂದೆ ಕೂತು ಬೆವರು ಸುರಿಸಿ ತಿರುವಬೇಕು. ಕೊನೆಗೆ ಎದ್ದು ನಿಂತು, "ಬೇಯಲಿಲ್ಲ. ತಪ್ಪು ಕೈಯದಲ್ಲ," ಎಂದು ಗಟ್ಟಿಯಾಗಿ ಮೂರು ಸಲ ಹೇಳಬೇಕು. ಆ ವರ್ಷ ಊರಿಗೆ ಸೊಸೆಯಾಗಿ ಬಂದ ಹುಡುಗಿಯರನ್ನೆಲ್ಲ, ಆ ಮಾತು ಚೆನ್ನಾಗಿ ಕೇಳಲೆಂದು, ಅವರ ಅತ್ತೆಯರೇ ಕೈಹಿಡಿದು ತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ.