ಜಟ್ಟಿ ಎಂಜಿನ್ ಕೂರಿಸಿದ್ದು

ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಒಂದು ಮನೆ. ಮನೆಯಲ್ಲಿ ಮಾದೇವಿ. ಮಾದೇವಿಗೆ ಒಬ್ಬನೇ ಮಗ, ಜಟ್ಟಿ. ಆಳೆತ್ತರ ಬೆಳೆದಿದ್ದ, ತೋಳಲ್ಲಿ ಕಸುವಿತ್ತು, ಹೇಳಿದ್ದು ಕಿವಿಗೆ ಬೀಳುತ್ತಿತ್ತು. ಬಿದ್ದ ಮಾತು ಮಾತ್ರ ಒಂದು ಹೆಜ್ಜೆ ತಡವಾಗಿ ಕೈಗೆ ಇಳಿಯುತ್ತಿತ್ತು. ನಿನ್ನೆಯ ಬುದ್ಧಿ ಇವತ್ತಿಗೆ, ಇವತ್ತಿನ ಬುದ್ಧಿ ನಾಳೆಗೆ.

“ದೇವರು ನಿನಗೆ ತಲೆ ಕೊಟ್ಟದ್ದು ಮುಂಡಾಸು ಸುತ್ತಲಿಕ್ಕೇನೋ?” ಎನ್ನುತ್ತಿದ್ದಳು ಮಾದೇವಿ.

“ಮುಂಡಾಸು ಎಲ್ಲಿದೆ ಅಮ್ಮ?” ಎಂದು ಹುಡುಕುತ್ತಿದ್ದ ಜಟ್ಟಿ.

ಒಂದು ವರ್ಷ ಮಳೆಗಾಲಕ್ಕೆ ಮುಂಚೆ ಅವಳ ಗಂಡ ತಿಮ್ಮಪ್ಪ ಒಬ್ಬನೇ ಬೋಟು ತೆಗೆದುಕೊಂಡು ಹೋದ. ಬೋಟು ತಿರುಗಿ ಬಂತು. ತಿಮ್ಮಪ್ಪ ಬರಲಿಲ್ಲ. ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು, ಚುಕ್ಕಾಣಿ ನೆಟ್ಟಗಿತ್ತು. ಯಾರೋ ನಡೆಸಿದ ಹಾಗೆ ಬೋಟು ಅಳಿವೆ ದಾಟಿ ಬಂದು ಮನೆ ಮುಂದಿನ ಮರಳಿಗೆ ಮೂಗು ಊರಿ ನಿಂತಿತು.

ಖಾಲಿ ಬಂದ ಬೋಟನ್ನು ಆ ಕಡೆ ಹೊರಗಿನವರು ಯಾರೂ ಹತ್ತುವುದಿಲ್ಲ. ಹೋದವನು ಇನ್ನೂ ಅದರಲ್ಲೇ ಇರುತ್ತಾನಂತೆ. ಅವನನ್ನು ಕಳಿಸಿಕೊಡಲಿಕ್ಕೆ ಒಂದು ಕ್ರಮವಿದೆ. ಮನೆಯ ಮಗ ಅದೇ ಬೋಟನ್ನು, ಅದೇ ಎಂಜಿನ್ನಿನಿಂದ, ಅಳಿವೆಗೆ ಒಯ್ಯಬೇಕು. ಹಗ್ಗ ನೀರಿಗೆ ಬಿಡಬೇಕು. ಹಗ್ಗ ಬಿಗಿಯಾದೊಡನೆ ಕತ್ತಿಯಿಂದ ಕಡಿದು, ತಿರುಗಿ ನೋಡದೆ ಬರಬೇಕು. ಕಡಿಯದಿದ್ದರೆ ಹೋದವನು ಮನೆಯಿಂದ ಒಬ್ಬರನ್ನು ಜೊತೆಗೆ ಕರೆಯುತ್ತಾನೆ. ಯಾರನ್ನು ಕರೆಯುತ್ತಾನೆ ಎಂದು ಮಾದೇವಿಗೆ ಗೊತ್ತಿತ್ತು. ಗಂಡನನ್ನು ಕೊಟ್ಟಾಗಿತ್ತು. ಮಗನನ್ನು ಕೊಡಲಾರಳು, ಪೆದ್ದನಾದರೂ.

ಮರಳು ತಿಂದು ಕೆಟ್ಟ ಎಂಜಿನ್ನನ್ನು ಇನಾಸ ಮಿಸ್ತ್ರಿ ದಡದಿಂದಲೇ ಕಪ್ಪಿ ಹಾಕಿ ಎತ್ತಿದ, ಬಿಚ್ಚಿ ತೊಳೆದ, ಮತ್ತೆ ದಡದಿಂದಲೇ ಇಳಿಸಿದ. ಬೋಟಿಗೆ ಕಾಲಿಡಲಿಲ್ಲ.

“ಕೂರಿಸುವುದು ನಿನ್ನ ಮಗನೇ ಆಗಬೇಕು ಮಾದೇವಕ್ಕ. ನಾನು ಇಲ್ಲಿಂದ ಹೇಳ್ತೇನೆ. ಏಯ್ ಜಟ್ಟಿ! ಎಂಜಿನ್ನಿನದೊಂದು ಬಿಲ್ಲೆ, ನೀರಿಗಿಳಿಯುವ ಶಾಫ್ಟಿನದೊಂದು ಬಿಲ್ಲೆ. ಕಂಡಿತಾ?”

“ಕಂಡಿತು.”

“ಎರಡೂ ಮುಖಕ್ಕೆ ಮುಖ ಕೂರಬೇಕು. ಸಂದಿಯಲ್ಲಿ ಈ ತೆಳು ಪಟ್ಟಿ ತೂರಿಸಿ ನೋಡು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಒಂದೇ ಬಿಗಿ ಬರಬೇಕು. ಬಾಯಿ ಬಿಟ್ಟಿದ್ದರೆ ತಗಡು ಕೊಡು!”

ಮೇಲೆ ಬಾಯಿ ಬಿಟ್ಟಿತ್ತು. ಜಟ್ಟಿ ತಗಡನ್ನು ಆ ಬಾಯಿಗೇ ತುರುಕಿ ಸುತ್ತಿಗೆಯಲ್ಲಿ ಬಡಿದ.

“ಅಯ್ಯೋ ಶನಿಯೇ!” ಇನಾಸ ತಲೆ ಚಚ್ಚಿಕೊಂಡ. “ಬಾಯಿ ಬಿಟ್ಟರೆ ಬಾಯಿಗೆ ತುರುಕ್ತಾರಾ? ಕಾಲಡಿಗೆ ಕೊಡಬೇಕು, ಕಾಲಡಿಗೆ!”

ಎಂಜಿನ್ನಿನ ಒಂದೊಂದು ಕಾಲನ್ನೂ ತೋರಿಸಿ, ಕೂಗಿ ಕೂಗಿ ಗಂಟಲು ಹರಿದುಕೊಂಡ ಮೇಲೆ ತಗಡು ಅದರ ಅಡಿಗೆ ಹೋಯಿತು.

ಅವತ್ತು ಸಂಜೆ ಮಾದೇವಿ ಗಂಜಿ ಬಟ್ಟಲು ಕೊಟ್ಟು, “ಅಜ್ಜಿಗೆ ಕೊಡು,” ಎಂದಳು. ತಿಮ್ಮಪ್ಪನ ತಾಯಿ, ಹಾಸಿಗೆ ಹಿಡಿದ ಮುದುಕಿ, ಬಾಯಿ ತೆರೆದು ಕಾದಿದ್ದಳು. ಬಾಯಿ ಬಿಟ್ಟಿದೆ! ಜಟ್ಟಿಗೆ ಬುದ್ಧಿ ನೆನಪಾಯಿತು. ಅಜ್ಜಿಯ ಕಾಲೆತ್ತಿ ಬಟ್ಟಲನ್ನು ಅದರಡಿಗೆ ಇಟ್ಟ.

“ಬೆಚ್ಚಗಿದೆ ಮಗನೇ,” ಎಂದಳು ಮುದುಕಿ. “ನಿನ್ನಪ್ಪನ ಕೈ ಮಾತ್ರ ತಣ್ಣಗಿತ್ತು. ಈಗಷ್ಟೇ ಮುಟ್ಟಿ ಹೋದ.”

ಮಾದೇವಿ ಅದನ್ನು ಕೇಳಿಸಿಕೊಳ್ಳದ ಹಾಗೆ ಮಗನನ್ನೇ ಬೈದಳು. “ಪೆದ್ದು ಮುಂಡೇದೇ! ಹತ್ತಿರ ಕೂರಬೇಕು, ಕೈ ಹಿಡಿಯಬೇಕು, ಸಾಕಾ ಬೇಕಾ ಅಂತ ಕೇಳಬೇಕು! ಸಾಕು ಅನ್ನುವವರೆಗೆ ಬಿಡಬಾರದು!”

“ಆಯ್ತಮ್ಮ. ಬಿಡುವುದಿಲ್ಲ.”

ಮರುದಿನ ಬೋಟನ್ನು ತೇಲಿಸಿದರು. ನೀರಿಗಿಳಿದ ಬೋಟಿನ ಮೈ ಸ್ವಲ್ಪ ಬಾಗುತ್ತದೆ, ದಡದಲ್ಲಿ ಸರಿ ಇದ್ದದ್ದು ನೀರಲ್ಲಿ ಸರಿ ಇರುವುದಿಲ್ಲ. ಅದಕ್ಕೇ ಇನ್ನೊಮ್ಮೆ ನೋಡಬೇಕು.

“ಶಾಫ್ಟು ಹಿಡಿದು ಕೈಯಲ್ಲೇ ತಿರುಗಿಸು!” ಎಂದು ಇನಾಸ ಕೂಗಿದ. “ಸುತ್ತಲೂ ಸಂದಿ ನೋಡು!”

ಜಟ್ಟಿ ಶಾಫ್ಟಿನ ಹತ್ತಿರ ಕೂತ. ಕೈ ಹಿಡಿದ ಹಾಗೆ ಅದನ್ನು ಹಿಡಿದ. “ಸಾಕಾ? ಬೇಕಾ?” ಎಂದು ಕೇಳಿದ.

ಇನಾಸ ಬಿದ್ದು ಬಿದ್ದು ನಕ್ಕ. “ಏನಂತೋ ಶಾಫ್ಟು?”

“ಬೇಕಂತೆ.”

“ಯಾರಿಗೆ?”

“ಕೆಳಗಿನವರಿಗೆ. ನಾನು ಇತ್ತ ತಿರುಗಿಸಿದರೆ ಅವರು ಅತ್ತ ತಿರುಗಿಸ್ತಾರೆ.”

ಇನಾಸನ ನಗು ನಿಂತಿತು. “ನೀರಿನ ಸೆಳೆತ ಇರಬೇಕು,” ಎಂದ. ಸಮುದ್ರದ ಭರತ ತುಂಬಿ, ನೀರು ಏರದೆ ಇಳಿಯದೆ ನಿಂತ ಹೊತ್ತು ಅದು. ನೀರ ಮೇಲೆ ಬಿದ್ದ ಎಲೆಯೂ ಅಲ್ಲಾಡುತ್ತಿರಲಿಲ್ಲ.

“ಸಂದಿ ಹೇಗಿದೆಯೋ?” ಮಿಸ್ತ್ರಿಯ ದನಿ ಸಣ್ಣಗಾಯಿತು.

“ಸುತ್ತಲೂ ಒಂದೇ ಬಿಗಿ. ಕೆಳಗಿಂದ ಎತ್ತಿ ಹಿಡಿದಿದ್ದಾರೆ.” ಜಟ್ಟಿ ಶಾಫ್ಟನ್ನು ಬಿಡಲಿಲ್ಲ. “ಸಾಕಾ? ಬೇಕಾ?”

ಇನಾಸ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಮಾದೇವಿ ಮೊಣಕಾಲುದ್ದ ನೀರಿಗೆ ಇಳಿದು ಕಿರುಚಿದಳು. “ಬಿಡೋ! ಕೈ ಬಿಡೋ!”

“ಸಾಕು ಅನ್ನಲಿಲ್ಲವಲ್ಲಮ್ಮ!”

“ಮುಖಕ್ಕೆ ಮುಖ ಸೇರಿತು ಅಂದ ಮೇಲೆ ಮಾತೇನೋ!” ಇನಾಸ ಗದರಿದ. “ಕೂಡಲೇ ಬಿಗಿಯಬೇಕು! ಮತ್ತೆ ಬಿಟ್ಟುಹೋಗದ ಹಾಗೆ ಬಿಗಿಯಬೇಕು! ಈ ಬೋಲ್ಟು ಹಾಕು! ಆ ಬೋಲ್ಟು ಹಾಕು! ಎದ್ದು ಬಾ!”

ಬೋಲ್ಟುಗಳು ಬಿಗಿಯಾದವು. ಎಂಜಿನ್ ಚಾಲೂ ಮಾಡಿದರೆ ಒಂದಿಷ್ಟೂ ನಡುಕವಿಲ್ಲ. “ಇಷ್ಟು ನಯವಾಗಿ ನಾನು ಯಾವತ್ತೂ ಕೂರಿಸಿಲ್ಲ,” ಎಂದ ಇನಾಸ. ಹೇಳಿ, ಸಾಮಾನು ಕಟ್ಟಿಕೊಂಡು, ಚಹಾಕ್ಕೂ ನಿಲ್ಲದೆ ಹೋದ.

ಅದರ ಮರುದಿನ ಕ್ರಮ. ಹೆಂಡತಿಯಾದವಳು ನೋಡಬಾರದು. ಮಾದೇವಿ ಮಗನ ಕೈಗೆ ಹಗ್ಗ ಕೊಟ್ಟಳು, ಕತ್ತಿ ಕೊಟ್ಟಳು, ಗಲ್ಲ ಹಿಡಿದು ಹೇಳಿದಳು.

“ಹಗ್ಗ ಬಿಗಿಯಾದೊಡನೆ ಏನು ಮಾಡ್ತೀ?”

“ಕಡೀತೇನೆ.”

“ಕಡಿದು?”

“ತಿರುಗಿ ನೋಡದೆ ಬರ್ತೇನೆ.”

“ನನ್ನಪ್ಪಾ, ಇದೊಂದು ಸಲ ಹೇಳಿದ್ದನ್ನು ಹೇಳಿದಾಗಲೇ ಮಾಡೋ!”

ಎಂಜಿನ್ನಿನ ಸದ್ದು ಅಳಿವೆಗೆ ಹೋಯಿತು. ನಿಂತಿತು. ಮಾದೇವಿ ಬಾಗಿಲು ಹಾಕಿಕೊಂಡು ಒಲೆಯ ಮುಂದೆ ಕೂತಳು. ಹೊತ್ತು ಮುಳುಗುತ್ತಿತ್ತು. ಎಂಜಿನ್ನಿನ ಸದ್ದು ತಿರುಗಿ ಬಂತು. ಮರಳಲ್ಲಿ ಹೆಜ್ಜೆ ಕೇಳಿತು. ಅವಳಿಗೆ ಜೀವ ಬಂತು.

“ಬಂದೆಯಾ ಮಗನೇ!”

“ಬಂದೆ ಅಮ್ಮ.”

“ಹಗ್ಗ ಬಿಗಿಯಾಯಿತಾ?”

“ಆಯಿತು. ಬಗ್ಗಿ ನೋಡಿದೆ. ನೀರಲ್ಲಿ ಒಂದು ಮುಖ ಇತ್ತು. ನನ್ನದೇ ಅಂದುಕೊಂಡೆ. ಆದರೆ ಅದಕ್ಕೆ ಗಡ್ಡ ಬಂದಿತ್ತು. ಮುಖಕ್ಕೆ ಮುಖ ಸೇರಿತು.”

ಮಾದೇವಿ ಎದ್ದು ನಿಂತಳು. “ಕಡಿದೆಯಾ?”

“ಮುಖಕ್ಕೆ ಮುಖ ಸೇರಿದ ಮೇಲೆ ಕಡೀತಾರಾ ಅಮ್ಮ? ಬಿಗಿಯಬೇಕು! ಮತ್ತೆ ಬಿಟ್ಟುಹೋಗದ ಹಾಗೆ! ದಡಕ್ಕೆ ತಂದು ನಮ್ಮ ಜಗಲಿ ಕಂಬಕ್ಕೇ ಬಿಗಿದೆ.”

ಅವಳು ಬಾಗಿಲು ತೆರೆದಳು. ಕಂಬದಿಂದ ಹೊರಟ ಹಗ್ಗ ಮರಳ ಮೇಲೆ ಸೆಟೆದು ನೀರಿಗೆ ಇಳಿದಿತ್ತು. ಕಂಬ ಸಣ್ಣಗೆ ಕಿರುಗುಟ್ಟುತ್ತಿತ್ತು. ಮಾದೇವಿ ಕತ್ತಿಗೆ ಕೈ ಚಾಚಿದಳು.

“ಕತ್ತಿ ಎಲ್ಲೋ?”

“ಅಪ್ಪನಿಗೆ ಕೊಟ್ಟೆ. ಕೇಳಿದ.”

ಅಷ್ಟರಲ್ಲಿ ಕಂಬದ ಸದ್ದು ನಿಂತಿತು. ಸೆಟೆದಿದ್ದ ಹಗ್ಗ ಮೆಲ್ಲಗೆ ಮರಳ ಮೇಲೆ ಮಲಗಿತು.

“ದೇವರೇ, ಸಡಿಲಾಯಿತು!” ಮಾದೇವಿ ಉಸಿರು ಬಿಟ್ಟಳು. “ಅವರೇ ಕಡಿದುಕೊಂಡು ಹೋದರು.”

“ಇಲ್ಲಮ್ಮ,” ಎಂದ ಜಟ್ಟಿ. “ಹತ್ತಿರ ಬಂದರೂ ಸಡಿಲಾಗ್ತದಲ್ಲ.”

ಎಂದವನು ಕುಕ್ಕರಗಾಲಲ್ಲಿ ಕೂತು, ಸಡಿಲಾದಷ್ಟು ಹಗ್ಗವನ್ನೂ ಎಳೆದೆಳೆದು ಕಂಬಕ್ಕೆ ಸುತ್ತಿ ಬಿಗಿಯತೊಡಗಿದ.