ಯಾರ ಕೈಬರಹ

ಹೊಳೆದಂಡೆಯಲ್ಲೊಂದು ಮಠ. ಹಳೆಯ ಓಲೆಗರಿಗಳನ್ನು ಹೊಸ ಗರಿಗೆ ಇಳಿಸುವುದೇ ಅಲ್ಲಿನವರ ಕಾಯಕ. ಸಂಗಯ್ಯಜ್ಜ ಅಲ್ಲಿನ ಗುರು, ಕೊಟ್ರೇಶ ಅವರ ಶಿಷ್ಯ.

ಕೊಟ್ರೇಶ ಕೂಸಾಗಿದ್ದಾಗ ಯಾರೋ ಅವನನ್ನು ಮಠದ ಕಟ್ಟೆಯ ಮೇಲೆ ಬಿಟ್ಟುಹೋಗಿದ್ದರು. ಪಕ್ಕದಲ್ಲಿ ಒಂದು ಗರಿ: "ಹೆಸರು ಕೊಟ್ರೇಶ. ತಾಯಿ ಇಲ್ಲ. ಅತ್ತರೆ ಎತ್ತಿಕೊಳ್ಳಿ, ಸುಮ್ಮನಾಗುತ್ತಾನೆ."

ಬರೆದವನು ಅಪ್ಪನೇ ಇರಬೇಕು. ತನ್ನ ಹೆಸರು ಮಾತ್ರ ಹಾಕಿರಲಿಲ್ಲ, ಪುಣ್ಯಾತ್ಮ.

ಆ ಅಕ್ಷರಗಳ ತಲೆಕಟ್ಟು ಕೊಂಚ ಮೇಲಕ್ಕೆ ಏರಿತ್ತು. ಓದಲು ಕಲಿತಂದಿನಿಂದ ಕೊಟ್ರೇಶ ಆ ಬರಹವನ್ನೇ ಹುಡುಕಿದ. ಮಠಕ್ಕೆ ಬಂದ ಒಂದೊಂದು ಕಟ್ಟನ್ನೂ ಬಿಚ್ಚಿ, ಗರಿಯ ಪಕ್ಕ ಗರಿ ಇಟ್ಟು ನೋಡಿದ. ಯಾವುದೂ ಹೊಂದಲಿಲ್ಲ.

ಒಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗುರುವಿನ ಮುಂದೆ ನಿಂತ.

"ಅಜ್ಜಾರೇ, ಇನ್ನು ತಡೆಯೋಕಾಗಲ್ಲ. ಊರೂರು ತಿರುಗಿ, ಈ ಅಕ್ಷರ ಯಾರದು ಅಂತ ಕೇಳ್ತೀನಿ."

"ಹೊಳೆ ದಾಟುವಾಗ ಗರಿ ನೀರುಪಾಲಾದರೆ?"

ಕೊಟ್ರೇಶ ಅದನ್ನು ಯೋಚಿಸಿರಲಿಲ್ಲ.

ಅಜ್ಜ ಒಂದು ಹಳೇ ಕಟ್ಟಿನ ಕೊನೆಯಲ್ಲಿ ಉಳಿದಿದ್ದ ಖಾಲಿ ಗರಿ ಕೊಟ್ಟರು. "ಇದಕ್ಕೆ ಇಳಿಸಿಕೋ. ಅಕ್ಷರದ ವೈಯಾರ ನಕಲು ಮಾಡಬೇಡ. ನಿನ್ನ ಪಾಡಿಗೆ ಬರಿ."

ಕೊಟ್ರೇಶ ಕಬ್ಬಿಣದ ಕಂಟ ಹಿಡಿದು ಕೊರೆಯತೊಡಗಿದ. "ಎತ್ತಿಕೊಳ್ಳಿ" ಎಂಬಲ್ಲಿಗೆ ಬಂದಾಗ ದುಃಖ ಉಮ್ಮಳಿಸಿ ಬಂತು. ಕಣ್ಣೊರೆಸಿಕೊಂಡು ಹೇಗೋ ಮುಗಿಸಿದ.

ಅಕ್ಷರ ಕಾಣಲು ಗೀರುಗಳಿಗೆ ಮಸಿ ತುಂಬಬೇಕು. ಅಜ್ಜ ಅಷ್ಟರೊಳಗೇ ಎರಡೂ ಗರಿ ಕೈಗೆ ತೆಗೆದುಕೊಂಡರು.

"ಕಣ್ಣು ಮುಚ್ಚು. ಬೆರಳಾಡಿಸಿ ಹೇಳು, ನಿಮ್ಮಪ್ಪ ಬರೆದದ್ದು ಯಾವುದು?"

ಕೊಟ್ರೇಶನಿಗೆ ನಗು ಬಂತು. ಇಷ್ಟು ವರ್ಷ ಸವರಿದ ಅಕ್ಷರ, ಅದೂ ಗೊತ್ತಾಗಲ್ಲವೇ? ಒಂದನ್ನು ಸವರಿದ. ಇನ್ನೊಂದನ್ನು ಸವರಿದ. ಏರಿದ ತಲೆಕಟ್ಟು ಬೆರಳಿಗೆ ತಗುಲಿತು.

"ಇದು," ಎಂದ.

"ಕಣ್ಣು ಬಿಡು."

ಬೆರಳಡಿ ಇದ್ದದ್ದು ಮಸಿಯಿಲ್ಲದ ಗರಿ, ಈಗತಾನೇ ಅವನೇ ಬರೆದದ್ದು.

ಕೊಟ್ರೇಶ ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದ. ಕಂಡಕಂಡವರ ಅಕ್ಷರವನ್ನೆಲ್ಲ ಅಪ್ಪನ ಗರಿಯ ಪಕ್ಕ ಇಟ್ಟಿದ್ದ. ತನ್ನದನ್ನು ಒಂದು ದಿನವೂ ಇಟ್ಟಿರಲಿಲ್ಲ. ಅಲ್ಲೇ ಕೂತುಬಿಟ್ಟ.

"ಹೋಗಲೋ ಬೇಡವೋ, ಅಜ್ಜಾರೇ?"

ಅಜ್ಜ ಅವನ ಬುತ್ತಿ ಬಿಚ್ಚಿ ಇನ್ನೆರಡು ರೊಟ್ಟಿ ಇಟ್ಟು ಕಟ್ಟಿದರು.

"ಹೋಗಿ ಬಾ ಮಗನೇ. ಅಪ್ಪನ ಗರಿ ಇಲ್ಲೇ ಇರಲಿ. ಅಪ್ಪ ಸಿಕ್ಕಿದರೆ ನಿನ್ನದನ್ನು ತೋರಿಸು, ಗುರುತು ಅವನು ಹಿಡೀಲಿ."