ಪಕ್ಕದ ಸೀಟು, ಹಿಂದಿನ ಸೀಟು

ಕಾವೇರಿ ದಂಡೆಯ ಆಶ್ರಮದಲ್ಲಿ ಬೋರೇಶ ಎಂಬ ಶಿಷ್ಯನಿದ್ದ. ಹಳ್ಳಿ ಹೈದ. ತಾನು ಓಡಿಸದ ಗಾಡಿ ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದ. ಸುಳ್ಳೇನಲ್ಲ.

ಹೊಳೆಯಾಚೆ ಹೊಸ ಆಶ್ರಮ ಕಟ್ಟಿಯಾಗಿತ್ತು. ಅದನ್ನು ನೀನೇ ನಡೆಸು ಎಂದಿದ್ದರು ಗುರುಗಳು. ಬೋರೇಶ ಇವತ್ತು, ನಾಳೆ ಎನ್ನುತ್ತಾ ಹೊರಡದೇ ಉಳಿದಿದ್ದ.

ಹಳೇ ಕಾರು ಕೂಡಿಡುವ ಹುಚ್ಚಿದ್ದ ಭಕ್ತರೊಬ್ಬರು ಎರಡು ಪುಟಾಣಿ ಜರ್ಮನ್ ಕಾರು ತಂದು ನಿಲ್ಲಿಸಿದರು. ಮಹಾಯುದ್ಧ ಮುಗಿದ ಮೇಲಿನ ಕಾಲದವು.

"ಒಂದನ್ನ ಇಟ್ಕೊಳ್ಳಿ. ಹೊಳೆಯಾಚೆ ಓಡಾಡೋಕೆ ಆಗುತ್ತೆ."

ಗುರುಗಳು ಬೋರೇಶನತ್ತ ತಿರುಗಿದರು. "ಯಾವುದೋ ಒಳ್ಳೇದು?"

"ನನ್ನ ಕೇಳಿ ಬುದ್ಧೀ!" ಬೋರೇಶ ಎದೆ ಸೆಟೆಸಿದ. "ಇದು ಇಸೆಟ್ಟಾ. ಮೊಟ್ಟೆ ಥರ ಐತೆ. ಮೂತೀನೇ ಬಾಗಿಲು. ಇಬ್ಬರು ಅಕ್ಕಪಕ್ಕ ಕೂರಬಹುದು. ಅದು ಮೆಸರ್‌ಸ್ಮಿಟ್. ವಿಮಾನ ಮಾಡೋರು ಮಾಡಿದ್ದು. ಮೂರೇ ಚಕ್ರ. ಗಾಜಿನ ಮುಚ್ಚಳ ಎತ್ತಿ ಒಳಗಿಳೀಬೇಕು, ಒಬ್ಬರ ಹಿಂದೆ ಒಬ್ಬರು. ಕಾರು ಕೂಡಿಡೋರು ಅದಕ್ಕೇ ಬಾಯಿಬಾಯಿ ಬಿಡ್ತಾರೆ. ನನಗೆ ಇಸೆಟ್ಟಾನೇ ಸೈ."

"ಯಾಕೆ?"

ಬೋರೇಶನ ದನಿ ಇಳಿಯಿತು. "ನೀವು ಪಕ್ಕದಲ್ಲೇ ಇರ್ತೀರಲ್ಲ."

"ಎರಡನ್ನೂ ನೋಡೇ ಬಿಡೋಣ."

ಮೊದಲು ಇಸೆಟ್ಟಾದಲ್ಲಿ ಹೊಳೆಯ ಸೇತುವೆ ತನಕ ಹೋಗಿ ಬಂದರು. ತಿರುವು ಬಂದಾಗಲೆಲ್ಲ ಬೋರೇಶ ಪಕ್ಕಕ್ಕೆ ನೋಡಿದ.

"ಸರೀನಾ ಬುದ್ಧೀ?"

"ಹೂಂ."

"ಜೋರಾಯ್ತಾ?"

"ಇಲ್ಲ ಕಣೋ."

ಆಮೇಲೆ ಮೆಸರ್‌ಸ್ಮಿಟ್. ಗುರುಗಳು ಹಿಂದೆ ಕೂತರು.

"ಸರೀನಾ ಬುದ್ಧೀ?"

ಬೋರೇಶ ದನಿ ಏರಿಸಿದ.

"ಬುದ್ಧೀ, ಇದ್ದೀರಾ?"

ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹಿಂದೆ ತಿರುಗೋಣವೆಂದರೆ ಎದುರಿಗೆ ಎಮ್ಮೆಗಳ ಹಿಂಡು. ಬೋರೇಶ ಹ್ಯಾಂಡಲ್ ಬಿಗಿಹಿಡಿದ. ಎಮ್ಮೆಗಳ ನಡುವೆ ನುಸುಳಿದ. ತಿರುವು ದಾಟಿದ, ಇನ್ನೊಂದು ತಿರುವು ದಾಟಿದ. ಹೊಸ ಆಶ್ರಮದ ಅಂಗಳ ಕಂಡಾಗಲೇ ಅವನಿಗೆ ಗೊತ್ತಾದದ್ದು, ಸೇತುವೆ ಹಿಂದೆ ಉಳಿದಿದೆ ಎಂದು.

ಗಡಬಡಿಸಿ ಮುಚ್ಚಳ ಎತ್ತಿದ. ಗುರುಗಳು ಕತ್ತು ವಾಲಿಸಿ ಮಲಗಿದ್ದರು. ಗಾಳಿ ತಾಗಿ ಕಣ್ಣು ಬಿಟ್ಟರು.

"ಏನ್ ಬುದ್ಧೀ ಇದು! ನನ್ನ ಜೀವ ಬಾಯಿಗೆ ಬಂದಿತ್ತು, ನೀವು ನಿದ್ದೆ ಹೊಡೀತಿದ್ರಾ? ಆ ಮೊಟ್ಟೇಲಿ ರೆಪ್ಪೆ ಬಡೀದೇ ಕೂತಿದ್ರಿ!"

ಗುರುಗಳು ಹೊದ್ದ ಶಾಲಿನ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದರು.

"ಅದರಲ್ಲಿ ನೀನು ನನ್ನ ಮುಖ ನೋಡ್ತಿದ್ದೆ ಮಗಾ. ದಾರಿ ನಾನು ನೋಡಬೇಕಾಗಿತ್ತು."